ವೀರಗಲ್ಲಿನ ಚಿತ್ರಕಥೆ

ಸಾಹಸದ ಕಥೆಗಳಿಗೆ ಎಳೆಯರ ಮನಸ್ಸು ಒಲಿಯುವುದು ಸಹಜ. ಆಕಾಶದಲ್ಲಿ ಹಾರುವ, ನೆಟ್ಟನೆಯ ಗೋಡೆಯನ್ನೇರುವ, ಗುಂಡಿಗೂ ಜಗ್ಗದ ಅತಿಮಾನುಷ ವೀರರ ಚಿತ್ರಕಥೆಗಳು ಇಂದು ಲೋಕದ ನಾನಾ ಭಾಗಗಳ ಮಕ್ಕಳಿಗೆ ಪರಿಚಿತವಾಗಿವೆ. ಕಥೆಗಾರರು ಈ ವೀರರನ್ನು ಬೇರೆ ಕಾಲಕ್ಕೂ ಬೇರೆ ದೇಶಕ್ಕೂ ಕರೆದೊಯ್ದಿದ್ದಾರೆ. ನೀಲ್ ಗೇಮನ್ 2003ರಲ್ಲಿ ಬರೆದ ‘ಮಾರ್ವೆಲ್ 1602’ ಎಂಬ ಕೃತಿಯಲ್ಲಿ ಅಮೆರಿಕದ ವೀರರು ಎಲಿಜಬೆತ್ ರಾಣಿಯ ಕಾಲದಲ್ಲಿ ಕಾಣಿಸಿಕೊಂಡರು. 2004ರಲ್ಲಿ ಸ್ಪೈಡರ್‌ಮ್ಯಾನ್ ಪಂಚೆಯುಟ್ಟು ಮುಂಬಯಿಯ ಹುಡುಗನಾದನು. ಇಂತಹ ಪ್ರಯೋಗಗಳು ತಪ್ಪಲ್ಲ. ಆದರೆ ಉಡುಗೆಯನ್ನು ಬದಲಿಸಿದ ಮಾತ್ರಕ್ಕೆ ವೀರನು ಆ ಕಾಲದವನಾಗುವನೇ?

ಹಿಂದಿನವರು ವೀರನನ್ನು ಹೇಗೆ ಕಂಡಿದ್ದರೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಊರುಗಳ ವೀರಗಲ್ಲುಗಳನ್ನು ನೋಡಿದರೆ ಸಾಕು. ಅವು ಕಲ್ಲಿನಲ್ಲಿ ಕಡೆದ ಚಿತ್ರಕಥೆಗಳೇ ಸರಿ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನಿಂದ ಮೇಲಕ್ಕೆ ಅವುಗಳನ್ನು ಓದಬೇಕು. ಕೆಳಗೆ ಕಾಳಗ, ನಡುವೆ ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಪಟ್ಟಿಕೆಗಳ ನಡುವೆ ಒಮ್ಮೊಮ್ಮೆ ಬರಹವೂ ಉಂಟು.

ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದಲ್ಲಿರುವ ಬೇಗೂರು ಗಂಗರ ಕಾಲದಲ್ಲಿ ಬೆಂಪೂರು ಎನಿಸಿತ್ತು. ಅಲ್ಲಿಯ ನಾಗೇಶ್ವರ ದೇವಾಲಯದ ಬಳಿ ದೊರೆತ, ಸುಮಾರು ಕ್ರಿ.ಶ. 890ರ ಶಾಸನವು ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ. ಅದೇ ಊರಿನ ಇನ್ನೊಂದು ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಗಂಗ ದೊರೆ ಎರೆಯಪ್ಪನ ಪರವಾಗಿ ನಾಗತ್ತರನೆಂಬ ನಾಯಕನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೇನೆಯೊಡನೆ ಹೋರಾಡಿದ ಸಂಗತಿಯನ್ನು ಅದು ತಿಳಿಸುತ್ತದೆ. ಕಾಳಗವು ಕೈಮೀರುತ್ತಿದ್ದಾಗ ನಾಗತ್ತರನು ಆನೆಗಳೊಡನೆ ಕಾದಾಡಿ ಮಡಿದನು. ಇದನ್ನು ಕೇಳಿದ ದೊರೆಯು ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಮೊದಲಾದ ಹನ್ನೆರಡು ಹಳ್ಳಿಗಳನ್ನು ಅವನಿಗೆ ಕೊಟ್ಟನು.

ಅತಿಮಾನುಷ ವೀರನಿಗೂ ನಾಗತ್ತರನಿಗೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ. ಗೆಲುವು ಖಚಿತವೆಂದು ತಿಳಿದವನು ಹೋರಾಡಿದರೆ ಅದು ಬಲದ ಪ್ರದರ್ಶನ. ಸಾವು ಎದುರಿಗಿದೆಯೆಂದು ತಿಳಿದೂ ಹಿಂಜರಿಯದಿದ್ದರೆ ಅದು ವೀರ್ಯ. ಅರಸರು ಹೂಡಿದ ಯುದ್ಧಗಳೆಲ್ಲವೂ ಧರ್ಮಯುದ್ಧಗಳಲ್ಲವೆಂಬುದು ನಿಜ. ಆದರೆ ವೀರಗಲ್ಲುಗಳು ಅರಸರ ಯುದ್ಧಗಳಿಗಷ್ಟೇ ಮೀಸಲಲ್ಲ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಪ್ರಾಣ ತೆತ್ತ ಸಾಮಾನ್ಯರಿಗೂ ನಾಡು ಕಲ್ಲನ್ನು ನೆಟ್ಟು ಗೌರವಿಸಿದೆ. ಯಾವ ಮಾಂತ್ರಿಕ ಶಕ್ತಿಯೂ ಅವರಿಗಿರಲಿಲ್ಲ.

ಆದುದರಿಂದ ಹಿಂದಿನ ಕಾಲದ ಚಿತ್ರಕಥೆಯನ್ನು ರಚಿಸುವವರು ಪರದೇಶದ ವೀರನಿಗೆ ಪಂಚೆ ಉಡಿಸಿ ತೃಪ್ತರಾಗಬಾರದು. ನಾಗತ್ತರನಂತಹವರ ಅಂಜಿಕೆ, ನಿರ್ಧಾರ, ನಷ್ಟಗಳನ್ನು ಅವರು ಊಹಿಸಬೇಕು. ನಗರವು ಬೆಳೆದಂತೆ ಎಷ್ಟೋ ವೀರಗಲ್ಲುಗಳು ಕಟ್ಟಡಗಳ ಸಂದಿಯಲ್ಲಿ ಮರೆಯಾಗುತ್ತಿವೆ. ಕಾಗದದ ಪುಸ್ತಕವು ಹರಿದರೆ ಮತ್ತೆ ಅಚ್ಚು ಹಾಕಬಹುದು. ಒಡೆದ ವೀರಗಲ್ಲಿಗೆ ಎರಡನೆಯ ಪ್ರತಿಯಿಲ್ಲ. ಅದನ್ನು ಓದಲು ಕಲಿಯುವುದೂ ಉಳಿಸಿಕೊಳ್ಳುವುದೂ ಇಂದಿನ ಎಳೆಯರ ಕರ್ತವ್ಯವಾಗಿದೆ.