ಆಯವ್ಯಯದ ಹೊತ್ತಿನಲ್ಲಿ ನಾವೆಲ್ಲಿರುತ್ತೇವೆ?

ಮಳೆಗಾಲದಲ್ಲಿ ಚರಂಡಿ ಉಕ್ಕಿ ಮೊಹಲ್ಲಾದ ಮನೆಗಳಿಗೆ ನೀರು ನುಗ್ಗಿದಾಗ ಪುರಸಭೆಯ ಬಾಗಿಲಲ್ಲಿ ಜನ ಸೇರುತ್ತಾರೆ. ಘೋಷಣೆಗಳು ಮೊಳಗುತ್ತವೆ, ಮುಖ್ಯಾಧಿಕಾರಿಗೆ ಮನವಿ ಸಲ್ಲುತ್ತದೆ, ಮರುದಿನದ ಪತ್ರಿಕೆಯಲ್ಲಿ ಭಾವಚಿತ್ರವೂ ಅಚ್ಚಾಗುತ್ತದೆ. ಆದರೆ ಆ ಚರಂಡಿಗೆ ಹಣವಿಲ್ಲವೆಂದು ತೀರ್ಮಾನವಾದದ್ದು ಜೂನ್ ತಿಂಗಳಲ್ಲಲ್ಲ. ಅದಕ್ಕೂ ನಾಲ್ಕಾರು ತಿಂಗಳು ಮೊದಲು, ಆಯವ್ಯಯ ಸಿದ್ಧವಾಗುವಾಗಲೇ ಅದರ ಹಣೆಬರಹ ಬರೆದಾಗಿತ್ತು. ಆಗ ನಾವೆಲ್ಲಿದ್ದೆವು?

ಎಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷ ಆರಂಭವಾಗುತ್ತದೆ. ಅದಕ್ಕೆ ಮುನ್ನ ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ಸಾರ್ವಜನಿಕರ ಸಲಹೆ ಪಡೆಯಲು ಪೂರ್ವಭಾವಿ ಸಭೆ ಕರೆಯುತ್ತವೆ. ಪತ್ರಿಕೆಯ ಮೂಲೆಯಲ್ಲೊಂದು ಸಣ್ಣ ಪ್ರಕಟಣೆ, ಸಭೆಯಲ್ಲಿ ಬೆರಳೆಣಿಕೆಯ ಜನ. ಗುತ್ತಿಗೆದಾರರು ಮಾತ್ರ ತಪ್ಪದೆ ಬರುತ್ತಾರೆ. ಅವರನ್ನು ದೂರಿ ಫಲವಿಲ್ಲ, ತಮ್ಮ ಹಿತ ಎಲ್ಲಿದೆಯೆಂದು ಅವರಿಗೆ ಗೊತ್ತಿದೆ.

ನಮಗೆ ಗೊತ್ತಿಲ್ಲದಿರುವುದೇ ನಿಜವಾದ ನಷ್ಟ. ಸ್ಥಳೀಯ ಸಂಸ್ಥೆಯ ಸ್ವಂತ ನಿಧಿಯಲ್ಲಿ ಶೇ. 24.10 ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲ್ಯಾಣಕ್ಕೆ, ಶೇ. 5 ವಿಕಲಚೇತನರಿಗೆ ಮೀಸಲು. ಇವುಗಳ ಜೊತೆಗೆ ಶೇ. 7.25 ಇತರ ಬಡವರಿಗಾಗಿ ಇದೆ. ಹೊಲಿಗೆ ಯಂತ್ರ, ವಿದ್ಯಾರ್ಥಿಗಳಿಗೆ ಪ್ರೋತ್ಸಾಹಧನ, ಚಿಕಿತ್ಸೆಗೆ ನೆರವು ಮುಂತಾದವು ಊರಿಗೊಂದು ಬಗೆಯಲ್ಲಿ ಈ ನಿಧಿಯಿಂದಲೇ ದೊರೆಯುತ್ತವೆ. ಬೀಡಿ ಕಟ್ಟುವ ತಾಯಿಯೂ ತಳ್ಳುಗಾಡಿಯ ವ್ಯಾಪಾರಿಯ ಮಗಳೂ ಈ ‘ಇತರ ಬಡವರ’ ಸಾಲಿಗೇ ಸೇರಿದವರಲ್ಲವೇ? ಅರ್ಜಿ ಕರೆದ ಸುದ್ದಿ ಮಾತ್ರ ಅವರ ಓಣಿಗೆ ತಲುಪುವುದಿಲ್ಲ. ಮೊಹಲ್ಲಾದ ಪದವೀಧರ ಯುವಕರು ಇಷ್ಟನ್ನಾದರೂ ತಲುಪಿಸಬಾರದೇ?

ಮಂಡನೆಯ ದಿನ ಪ್ರಕಟವಾಗುವ ‘ಉಳಿತಾಯ ಬಜೆಟ್’ ಎಂಬ ಶೀರ್ಷಿಕೆಗೆ ಮರುಳಾಗಬೇಕಿಲ್ಲ. ಖರ್ಚಾಗದೆ ಉಳಿದ ಹಣವೂ ಉಳಿತಾಯವೆಂದೇ ಕರೆಸಿಕೊಳ್ಳುತ್ತದೆ. ಮುಂದಿನ ವರ್ಷದ ಅಂದಾಜಿಗಿಂತ ಹಿಂದಿನ ವರ್ಷದ ವಾಸ್ತವ ಖರ್ಚಿನ ಅಂಕಣವೇ ಹೆಚ್ಚು ಸತ್ಯ ಹೇಳುತ್ತದೆ. ಶೇ. 7.25ರ ಸಾಲಿನಲ್ಲಿ ತೆಗೆದಿರಿಸಿದ್ದೆಷ್ಟು, ಕೊಟ್ಟದ್ದೆಷ್ಟು, ಯಾರಿಗೆ? ಆಯವ್ಯಯವನ್ನೂ ಹಣ ಬಟವಾಡೆಯ ವರದಿಯನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಕಲಂ ಹೇಳುತ್ತದೆ. ಪ್ರಕಟಿಸದಿದ್ದರೆ ಹತ್ತು ರೂಪಾಯಿ ಶುಲ್ಕದ ಅರ್ಜಿ ಇದೆ. ಚುನಾಯಿತ ಮಂಡಳಿಯಿಲ್ಲದೆ ಆಡಳಿತಾಧಿಕಾರಿಯೇ ಆಯವ್ಯಯಕ್ಕೆ ಒಪ್ಪಿಗೆ ನೀಡುವ ಊರುಗಳಲ್ಲಂತೂ ನಾಗರಿಕರ ಹೊರತು ಕೇಳುವವರೇ ಇರುವುದಿಲ್ಲ.

ಆ ಪುಟದ ನಕಲನ್ನು ಕೈಯಲ್ಲಿ ಹಿಡಿದು, ಚರಂಡಿಯ ಉದ್ದಗಲವನ್ನೂ ಬರೆದುಕೊಂಡು ಪುರಸಭೆಗೆ ಹೋಗಬೇಕಾದ ತಿಂಗಳು ಡಿಸೆಂಬರ್.