ಲೈಬ್ರರಿ ಅಕ್ಕನ್ನ ನೋಡಿ ನಗೋ ಮುಂಚೆ

ಭಾಗ 1/7

ಫೋಟೋದಲ್ಲಿರೋದು ನಮ್ಮ ಕಾಲೇಜ್ ಲೈಬ್ರರಿ ಕೌಂಟರ್. ಎಡಕ್ಕೆ ಹೊಸ ಕಂಪ್ಯೂಟರ್, ಬಾರ್‌ಕೋಡ್ ಸ್ಕ್ಯಾನರ್. ಬಲಕ್ಕೆ ಅದೇ ಹಳೇ ಉದ್ದನೆ ರಿಜಿಸ್ಟರ್. ಒಂದು ಪುಸ್ತಕ ತಗೊಂಡ್ರೆ ಎರಡರಲ್ಲೂ ಎಂಟ್ರಿ ಆಗಬೇಕು.

ಹೋದ ತಿಂಗಳು ಇಂಟರ್ನಲ್ಸ್ ಹತ್ತಿರ ಬಂದಾಗ ಬಾಗಿಲ ತನಕ ಕ್ಯೂ ಇತ್ತು. ಅಕ್ಕ ಸ್ಕ್ಯಾನರ್ ಹಿಡಿದು ಮೂರು ಸಲ ಬೀಪ್ ಅನ್ನಿಸಿದ್ರು, ಸ್ಕ್ರೀನ್‌ನಲ್ಲಿ ಏನೋ ಕೆಂಪು ಬಾಕ್ಸ್ ಬಂತು, ಗಾಬರಿಯಾಗಿ ರಿಜಿಸ್ಟರ್ ಎಳ್ಕೊಂಡ್ರು. ಹಿಂದೆ ನಿಂತಿದ್ದ ಯಾರೋ ವಿಡಿಯೋ ಮಾಡಿ ‘ಟೂಜಿ ಅಕ್ಕ’ ಅಂತ ಕ್ಲಾಸ್ ಗ್ರೂಪಿಗೆ ಹಾಕಿದ್ರು. ನಲವತ್ತು ಜನ ನಕ್ಕರು. ಅದರಲ್ಲಿ ನಾನೂ ಒಬ್ಬ.

ಮೊದಲೇ ಒಪ್ಕೋತೀನಿ. ಆಮೇಲೆ ಜಗಳಕ್ಕೆ ಬರ್ತೀನಿ.

ಭಾಗ 2/7

ಎರಡು ವಾರದ ನಂತರ ನಮ್ಮ ಸೀನಿಯರ್ ಒಬ್ಬರಿಗೆ ಟಿಸಿ ಬೇಕಿತ್ತು. ನೋ ಡ್ಯೂ ಸಿಗಲಿಲ್ಲ. ಪುಸ್ತಕ ವಾಪಸ್ ಕೊಟ್ಟಿದ್ರು, ರಿಜಿಸ್ಟರ್‌ನಲ್ಲಿ ಸಹಿ ಇದೆ, ಸಿಸ್ಟಮ್ ಮಾತ್ರ ‘ಕೊಟ್ಟಿಲ್ಲ’ ಅಂತಿದೆ. ಮೂರು ದಿನ ಓಡಾಟ. ಕೊನೆಗೆ ಆಫೀಸ್‌ನಲ್ಲಿ ಎಲ್ಲರ ಮುಂದೆ ಬೈಸ್ಕೊಂಡಿದ್ದು ಅಕ್ಕ.

ಅವತ್ತು ಹೋಗಿ ಕೇಳಿದೆ, ‘ಅಕ್ಕ, ನಿಮಗೆ ಇದನ್ನ ಯಾರು ಹೇಳಿಕೊಟ್ರು?’

ರಜೆಯಲ್ಲಿ ಸಾಫ್ಟ್‌ವೇರ್ ಬಂತಂತೆ. ಕಂಪನಿ ಹುಡುಗ ಒಂದು ಮಧ್ಯಾಹ್ನ ಬಂದು, ‘ಸಿಂಪಲ್ ಇದೆ ಮೇಡಂ’ ಅಂತ ಫಟಾಫಟ್ ತೋರಿಸಿ, ಒಂದು ಫೋನ್ ನಂಬರ್ ಬರೆದುಕೊಟ್ಟು ಹೋದನಂತೆ. ಆ ನಂಬರ್ ಎತ್ತಲ್ಲ. ಅಕ್ಕ ತೋರಿಸಿದ ನೋಟ್‌ಬುಕ್‌ನಲ್ಲಿ ಅವತ್ತು ಬರ್ಕೊಂಡ ಎರಡು ಪುಟ ಇದೆ. ಯಾವ ಬಟನ್ ಆದ್ಮೇಲೆ ಯಾವ ಬಟನ್ ಅಂತ ಇಂಗ್ಲಿಷ್ ಪದಗಳನ್ನ ಕನ್ನಡ ಅಕ್ಷರದಲ್ಲಿ ಬರ್ಕೊಂಡಿದಾರೆ. ‘ರಿಟರ್ನ್’ ಅನ್ನೋ ಸಾಲಿನ ಪಕ್ಕ ಒಂದು ದೊಡ್ಡ ಪ್ರಶ್ನೆ ಚಿಹ್ನೆ.

ಆ ಪ್ರಶ್ನೆ ಚಿಹ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಸೀನಿಯರ್‌ನ ಟಿಸಿ ನಿಂತಿದ್ದು ಅಲ್ಲೇ.

ಭಾಗ 3/7

ಈಗ ಬಿಕಾಂನವರಿಗೆ ಅರ್ಥ ಆಗೋ ಭಾಷೆಯಲ್ಲಿ ಹೇಳ್ತೀನಿ.

ಸಾಫ್ಟ್‌ವೇರ್ ಕೊಂಡ್ರೆ ಅದು ಆಸ್ತಿ, ಇನ್‌ಟ್ಯಾಂಜಿಬಲ್ ಅಸೆಟ್. ಅದನ್ನ ನಡೆಸೋರಿಗೆ ಟ್ರೈನಿಂಗ್ ಕೊಟ್ರೆ? ಇಂಡ್ ಎಎಸ್ 38 ಪ್ರಕಾರ ಅದು ಆಸ್ತಿ ಆಗಲ್ಲ, ಆ ವರ್ಷದ ಖರ್ಚು. ಕಲಿತವರು ಕೆಲಸ ಬಿಟ್ಟು ಹೋದ್ರೆ ಕಲಿಕೆಯೂ ಅವರ ಜೊತೆ ಹೋಗುತ್ತೆ, ಕಂಪನಿಗೆ ಅದರ ಮೇಲೆ ಹಿಡಿತ ಇಲ್ಲ ಅನ್ನೋದು ಕಾರಣ. ಲೆಕ್ಕಕ್ಕೆ ಅದು ಸರಿ.

ನಮ್ಮ ಕಾಲೇಜಿಗೆ ಆ ಸ್ಟಾಂಡರ್ಡ್ ಅಪ್ಲೈ ಆಗಲ್ಲ, ಗೊತ್ತು. ಆದ್ರೆ ಬುದ್ಧಿ ಮಾತ್ರ ಅಲ್ಲಿಂದಲೇ ಬಂದಿದೆ. ಕಂಪ್ಯೂಟರ್ ಕಣ್ಣಿಗೆ ಕಾಣುತ್ತೆ, ಸ್ಟಾಕ್ ರಿಜಿಸ್ಟರ್‌ನಲ್ಲಿ ಕೂರುತ್ತೆ, ಉದ್ಘಾಟನೆ ಫೋಟೋ ಬರುತ್ತೆ. ನ್ಯಾಕ್ ರಿಪೋರ್ಟ್‌ನಲ್ಲಿ ಲೈಬ್ರರಿ ಆಟೊಮೇಷನ್ ಬಗ್ಗೆ ಬರೆಯೋ ಜಾಗ ಇದೆ, ಅಲ್ಲಿ ಹಾಕೋಕೆ ಬಿಲ್ ಇದೆ. ಅಕ್ಕ ಕಲಿತಿದ್ದನ್ನ ಎಲ್ಲಿ ತೋರಿಸ್ತೀರಿ? ತೋರಿಸೋಕೆ ಆಗದೇ ಇರೋದಕ್ಕೆ ದುಡ್ಡು ಯಾಕೆ ಅಂತ ಬಿಟ್ಟುಬಿಡ್ತಾರೆ.

ಓಡಿಸೋಕೆ ಬರದವರ ಕೈಗೆ ಟ್ರ್ಯಾಕ್ಟರ್ ಕೊಟ್ಟು, ಗದ್ದೆ ಉಳಲಿಲ್ಲ ಅಂತ ಅವರನ್ನೇ ಬೈದ್ರೆ ಹೇಗೆ?

ಭಾಗ 4/7

‘ಒಂದು ಕಾಲೇಜಿನ ಕಥೆ ಬಿಡೋ’ ಅಂದ್ರೆ, ದೊಡ್ಡದನ್ನೇ ನೋಡಿ.

ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಕೇಳಿದೀರಾ? 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಯೋಜನೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಸಿಗಬೇಕು. ನಡೆಸೋದು ಗಾಂಧಿನಗರದ ಇನ್‌ಫ್ಲಿಬ್‌ನೆಟ್.

ಒಳ್ಳೇದೇ. ಆದ್ರೆ ನನ್ನ ಕ್ಲಾಸ್‌ನಲ್ಲಿ ಕೇಳಿದೆ, ಇದರ ಹೆಸರು ಕೇಳಿದವರು ಇಬ್ಬರು, ಒಂದು ಸಲನಾದ್ರೂ ಲಾಗಿನ್ ಆದವರು ಸೊನ್ನೆ. ದೆಹಲಿಯಲ್ಲಿ ಸೈನ್ ಆದ ಒಪ್ಪಂದ ನಮ್ಮ ಮೊಬೈಲಿಗೆ ಬರೋ ದಾರಿಯಲ್ಲಿ ಕೊನೇ ಮೆಟ್ಟಿಲು ಲೈಬ್ರರಿ ಕೌಂಟರ್. ಅಲ್ಲಿ ಕೂತವರಿಗೆ ಯಾರೂ ಹೇಳಿಕೊಡದಿದ್ರೆ 13,000 ಜರ್ನಲ್ ಇದ್ದರೂ ಒಂದೇ, ಇಲ್ಲದಿದ್ರೂ ಒಂದೇ.

ಇನ್ನೊಂದು, ನಮ್ಮ ಕನ್ನಡ ಪುಸ್ತಕಗಳ ಗತಿ. ಹೊಸ ಸಿಸ್ಟಮ್‌ನಲ್ಲಿ ಅವುಗಳ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದಾರೆ. ಕಾರಂತರ ಹೆಸರಿನ ಕೊನೆಗೆ ಒಂದು ಕಡೆ ‘ಟಿ’, ಒಂದು ಕಡೆ ‘ಟಿಎಚ್’, ಮತ್ತೊಂದು ಕಡೆ ‘ಟಿಎಚ್‌ಎ’. ಒಂದು ಹುಡುಕಿದ್ರೆ ಉಳಿದೆರಡು ಸಿಗಲ್ಲ. ಕೋಹಾದಂಥ ಉಚಿತ ಸಾಫ್ಟ್‌ವೇರ್‌ನಲ್ಲೂ ಯೂನಿಕೋಡ್ ಇದೆ, ನೇರವಾಗಿ ಕನ್ನಡದಲ್ಲೇ ಟೈಪ್ ಮಾಡಬಹುದು. ಇದನ್ನ ಅಕ್ಕನಿಗೆ ಹೇಳಿದ್ರೆ ಕನ್ನಡ ಕಪಾಟು ಪೂರ್ತಿ ಹುಡುಕೋಕೆ ಸಿಗ್ತಿತ್ತು.

ಭಾಗ 5/7

ಕಾಮೆಂಟ್‌ನಲ್ಲಿ ಏನು ಬರುತ್ತೆ ಅಂತ ಗೊತ್ತು. ಒಂದೊಂದಾಗಿ ಬರಲಿ.

‘ಯೂಟ್ಯೂಬ್ ನೋಡಿ ಕಲಿಬಹುದಲ್ವಾ?’ ಬೆಳಗ್ಗೆಯಿಂದ ಸಂಜೆ ತನಕ ಕೌಂಟರ್‌ನಲ್ಲಿ ಒಬ್ಬರೇ. ಯಾವಾಗ ನೋಡ್ತಾರೆ? ಮನೆಗೆ ಹೋಗಿ ತಮ್ಮ ಡೇಟಾ ಖರ್ಚು ಮಾಡಿ ಕಾಲೇಜಿನ ಕೆಲಸ ಕಲಿಬೇಕಾ? ನಾಳೆ ನಿಮಗೆ ಕೆಲಸ ಸಿಕ್ಕಿ, ಹೊಸ ಸಾಫ್ಟ್‌ವೇರ್ ಬಂದು, ಬಾಸ್ ‘ಯೂಟ್ಯೂಬ್ ನೋಡ್ಕೋ’ ಅಂದ್ರೆ ಸುಮ್ನಿರ್ತೀರಾ?

‘ವಯಸ್ಸಾಯ್ತು, ತಲೆಗೆ ಹತ್ತಲ್ಲ.’ ಅದೇ ಅಕ್ಕ ದಿನಾ ಫೋನ್‌ಪೇಯಲ್ಲಿ ತರಕಾರಿ ತರ್ತಾರೆ. ತಪ್ಪಾದ್ರೆ ಬೈಯದೆ ಯಾರೋ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದಕ್ಕೆ ಅದು ಬಂತು.

‘ಎಐ ಇರುವಾಗ ಲೈಬ್ರರಿ ಯಾಕೆ?’ ಇದಕ್ಕೆ ನನ್ನದೇ ಮರ್ಯಾದೆ ಕಥೆ ಇದೆ. ಅಸೈನ್‌ಮೆಂಟಿಗೆ ಒಂದು ಎಐ ಆ್ಯಪ್ ಹತ್ರ ಐದು ಪುಸ್ತಕದ ಹೆಸರು ಕೇಳಿದೆ. ಲೇಖಕರು, ವರ್ಷ, ಪುಟ ಸಮೇತ ಚೆನ್ನಾಗಿ ಕೊಡ್ತು. ಅಕ್ಕನ ಹತ್ರ ತಗೊಂಡು ಹೋದೆ. ಚೀಟಿ ನೋಡಿ, ‘ಈ ಎರಡು ಪುಸ್ತಕ ನಾನು ಕೇಳೇ ಇಲ್ಲಪ್ಪ, ಇವರು ಈ ವಿಷಯದ ಮೇಲೆ ಬರೆದವರೂ ಅಲ್ಲ’ ಅಂದ್ರು. ಹುಡುಕಿದೆ. ಎರಡೂ ಎಲ್ಲೂ ಇಲ್ಲ. ಸುಳ್ಳು ಪುಸ್ತಕ! ಆ ಕಣ್ಣಿಗೆ ಇನ್ನಷ್ಟು ಟ್ರೈನಿಂಗ್ ಕೊಟ್ರೆ ನಮಗೆ ಅದಕ್ಕಿಂತ ದೊಡ್ಡ ಸಹಾಯ ಯಾವುದಿದೆ ಹೇಳಿ.

ಭಾಗ 6/7

ಪ್ರತಿ ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ ಅಂತ ಎಸ್. ಆರ್. ರಂಗನಾಥನ್ ಫೋಟೋಗೆ ಹಾರ ಹಾಕ್ತೀವಿ. ಭಾಷಣ, ಟೀ, ಬಿಸ್ಕತ್ತು, ಮುಗೀತು.

ಅವರ ಕಥೆ ಗೊತ್ತಾ? ಅವರು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದಾಗ ಲೈಬ್ರರಿ ಕೆಲಸದ ಟ್ರೈನಿಂಗೇ ಇರಲಿಲ್ಲ. ಅದೇ ವರ್ಷ ಅವರನ್ನ ಲಂಡನ್‌ಗೆ ಕಲಿಯೋಕೆ ಕಳಿಸಿದ್ರು. ವಾಪಸ್ ಬಂದು ಇಡೀ ದೇಶದ ಲೈಬ್ರರಿಗಳ ದಿಕ್ಕನ್ನೇ ಬದಲಾಯಿಸಿದ್ರು. 1931ರಲ್ಲಿ ಬಂದ ಅವರ ಪಂಚಸೂತ್ರದಲ್ಲಿ ಕೊನೆಯದು, ಲೈಬ್ರರಿ ಬೆಳೀತಾನೇ ಇರೋ ಜೀವ ಅನ್ನೋ ಅರ್ಥದ್ದು. 1962ರಲ್ಲಿ ಲೈಬ್ರರಿಯವರಿಗೆ ಕಲಿಸೋಕೆ ಅಂತಲೇ ಒಂದು ಕೇಂದ್ರ ಶುರು ಮಾಡಿದ್ರು. ಡಿಆರ್‌ಟಿಸಿ, ನಮ್ಮ ಬೆಂಗಳೂರಲ್ಲೇ.

ಅವರನ್ನೂ ‘ನೀನೇ ನೋಡ್ಕೋ’ ಅಂತ ಬಿಟ್ಟಿದ್ರೆ ಇವತ್ತು ಹಾರ ಹಾಕೋಕೆ ಫೋಟೋನೇ ಇರ್ತಿರಲಿಲ್ವೇನೋ.

ಭಾಗ 7/7

ನಿಮ್ಮ ಅಡ್ಮಿಷನ್ ರಸೀದಿ ತೆಗೆದು ನೋಡಿ. ‘ಲೈಬ್ರರಿ ಫೀ’ ಅಂತ ಒಂದು ಸಾಲು ಇರುತ್ತೆ. ಮನೆಯ ಆಸ್ತಿ ತೆರಿಗೆ ರಸೀದಿಯಲ್ಲಿ ‘ಗ್ರಂಥಾಲಯ ಕರ’ ಅಂತ ಇನ್ನೊಂದು. ಕಾಲೇಜಿಗೂ ಕೊಡ್ತೀವಿ, ಊರ ಲೈಬ್ರರಿಗೂ ಕೊಡ್ತೀವಿ. ಕೇಳೋ ಹಕ್ಕು ಇದೆ.

ನಾವು ಕ್ಲಾಸ್‌ನಿಂದ ಪ್ರಿನ್ಸಿಪಾಲ್‌ಗೆ ಅರ್ಜಿ ಬರೆದಿದೀವಿ. ಕೇಳಿರೋದು ನಾಲ್ಕೇ:

1. ಪ್ರತಿ ಸೆಮಿಸ್ಟರ್‌ನಲ್ಲಿ ಲೈಬ್ರರಿ ಸಿಬ್ಬಂದಿಗೆ ಎರಡು ದಿನ ಟ್ರೈನಿಂಗ್, ರಜೆ ಹಾಕಿ ಹೋಗೋದಲ್ಲ, ಡ್ಯೂಟಿ ಮೇಲೆ.
2. ಅಟೆಂಡರ್‌ಗೂ ಸೇರಿಸಿ. ಅಕ್ಕ ರಜೆ ಹಾಕಿದ ದಿನ ಲೈಬ್ರರಿ ಮುಚ್ಚಬಾರದು.
3. ಕನ್ನಡದಲ್ಲಿ ಒಂದು ಕೈಪಿಡಿ.
4. ಇನ್ಮೇಲೆ ಏನೇ ಕೊಂಡ್ರೂ, ಸಿಬ್ಬಂದಿ ಅದನ್ನ ತಾವೇ ನಡೆಸಿ ತೋರಿಸೋ ತನಕ ಕಂಪನಿಗೆ ಕೊನೇ ಕಂತು ಕೊಡಬೇಡಿ.

ಇಲ್ಲಿ ತನಕ 62 ಸಹಿ. ವಿಡಿಯೋ ಮಾಡಿದವನದ್ದೂ ಇದೆ, ಅದನ್ನ ಡಿಲೀಟ್ ಮಾಡಿದಾನೆ.

ನಿಮ್ಮ ಕಾಲೇಜ್‌ನಲ್ಲೂ ಒಬ್ಬ ಅಕ್ಕ, ಒಬ್ಬ ಸರ್ ಇದ್ದೇ ಇರ್ತಾರೆ. ನಾಳೆ ಪುಸ್ತಕ ತಗೊಳ್ಳೋವಾಗ ಒಂದೇ ಪ್ರಶ್ನೆ ಕೇಳಿ: ‘ನಿಮಗೆ ಇದನ್ನ ಯಾರಾದ್ರೂ ಹೇಳಿಕೊಟ್ರಾ?’ ಉತ್ತರ ಏನು ಬಂತು ಅಂತ ಕಾಮೆಂಟ್ ಮಾಡಿ. ಹೆಸರು, ಕಾಲೇಜು ಬೇಡ, ಉತ್ತರ ಸಾಕು.

ಅರ್ಜಿ ನಮೂನೆ ಬೇಕಿದ್ರೆ ಡಿಎಂ ಮಾಡಿ, ಕಳಿಸ್ತೀನಿ.

#ಲೈಬ್ರರಿಅಕ್ಕ #ಹೇಳಿಕೊಟ್ರಾ #ನಮ್ಮಲೈಬ್ರರಿ #ಬಿಕಾಂಬರಹ