ಲೈಸೆನ್ಸ್ ಬಂದ ಮೇಲೆ ಅಪ್ಪನ ಕೆಲಸ ಶುರು

ತೆಂಗಿನ ಬಿಳಿನೊಣದ ಬಗ್ಗೆ ಬರೀತೀನಿ ಅಂತ ಹೋದ ವಾರ ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಇವತ್ತು ಬೇರೆ ಒಂದು ವಿಷಯ ಹೊಟ್ಟೆಯೊಳಗೆ ಕುದೀತಿದೆ, ಅದನ್ನ ಹೇಳಿಬಿಡ್ತೀನಿ.

ಒಂದೂವರೆ ತಿಂಗಳ ಹಿಂದೆ ನನ್ನ ಮಗಳು ಡ್ರೈವಿಂಗ್ ಟೆಸ್ಟ್ ಪಾಸಾದಳು. ಹದಿನೆಂಟು ತುಂಬಿದೆ, ತಿಪಟೂರಿನಲ್ಲಿ ಮೊದಲನೇ ವರ್ಷದ ಡಿಗ್ರಿ ಓದ್ತಿದ್ದಾಳೆ. ಸ್ಕೂಟರ್‌ನಲ್ಲಿ ಕಾಲು ಊರದೆ ಎಂಟು ಹಾಕಿದಳು. ಕಾರಿನಲ್ಲಿ ಒಂದಷ್ಟು ದೂರ ಹೋಗಿ ರಿವರ್ಸ್ ಬಂದಳು. ಸಾಹೇಬ್ರು ತಲೆ ಆಡಿಸಿದ್ರು, ಮುಗೀತು. ಎರಡೂ ಸೇರಿ ಹತ್ತು ನಿಮಿಷ ಆಗಿರಬಹುದು. ನಮ್ಮನೆ ಹಸು ಹಾಲು ಕರೆಯೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಊರಿಗೆ ಬಂದರೆ ಅರಳಿಕಟ್ಟೆ ಮೇಲೆ ಕೂತಿದ್ದವರು ಎರಡೇ ಮಾತು ಕೇಳಿದ್ರು. ಒಬ್ಬರು, "ಏನಣ್ಣೋ, ಮಗಳಿಗೆ ಯಾವ ಗಾಡಿ ಕೊಡಿಸ್ತೀಯ?" ಇನ್ನೊಬ್ಬರು, "ಹೆಣ್ಣುಡುಗಿಗೆ ಗಾಡಿ ಯಾಕಣ್ಣ, ಬಸ್ಸಿಲ್ವಾ?" ಇನ್ನು ಮುಂದೆ ಅವಳಿಗೆ ಓಡಿಸೋದು ಯಾರು ಕಲಿಸ್ತಾರೆ ಅಂತ ಒಬ್ಬನೂ ಕೇಳಲಿಲ್ಲ. ನನ್ನ ಜಗಳ ಇರೋದೇ ಇಲ್ಲಿ. ಗಾಡಿ ಕೊಡಿಸೋನೂ ಅಪ್ಪನೇ, ಗಾಡಿ ಬೇಡ ಅನ್ನೋನೂ ಅಪ್ಪನೇ. ಹಿಂದಿನ ಸೀಟಲ್ಲಿ ಕೂತು ಕಲಿಸೋ ಅಪ್ಪ ಮಾತ್ರ ನಮ್ಮ ಊರುಗಳಲ್ಲಿ ಕಾಣೋದಿಲ್ಲ.

ಬೈಯೋಕೆ ಮುಂಚೆ ನನ್ನ ತಪ್ಪು ಹೇಳ್ತೀನಿ.

ಆರು ವರ್ಷದ ಹಿಂದೆ, ಸಂಕ್ರಾಂತಿ ಆದಮೇಲೆ, ನಾನು ಹುರುಳಿ ಕಿತ್ತು ಟಾರ್ ರಸ್ತೆ ಮೇಲೆ ಹರಡಿದ್ದೆ. ಎಲ್ಲರೂ ಹರಡ್ತಾರೆ, ನಾನೂ ಹರಡಿದೆ. ಬಸ್ಸು, ಲಾರಿ ಹತ್ತಿ ಇಳಿದರೆ ಪುಕ್ಕಟೆ ಒಕ್ಕಣೆ. ಮಧ್ಯಾಹ್ನ ಪಕ್ಕದ ಊರಿನ ಹುಡುಗನೊಬ್ಬ ತಿರುವಿನಲ್ಲಿ ಬಂದ. ಹದಿನೆಂಟು ವರ್ಷ. ಲೈಸೆನ್ಸ್ ಬಂದು ಹನ್ನೊಂದು ದಿನ ಆಗಿತ್ತಂತೆ. ಹೊಸ ಬೈಕು, ಪೂಜೆ ಮಾಡಿದ ಹೂವಿನ ಹಾರ ಹ್ಯಾಂಡಲ್‌ನಲ್ಲಿ ಒಣಗಿಕೊಂಡು ಇನ್ನೂ ನೇತಾಡ್ತಿತ್ತು. ಹುರುಳಿ ಕಂಡ ತಕ್ಷಣ ಗಾಬರಿಯಾಗಿ ಮುಂದಿನ ಬ್ರೇಕ್ ಪೂರ್ತಿ ಒತ್ತಿದ. ಕಾಳಿನ ಮೇಲೆ ಮುಂದಿನ ಚಕ್ರ ಜಾರಿತು. ಮೊಣಕಾಲ ಕೆಳಗಿನ ಮೂಳೆ ಎರಡು ಕಡೆ ಮುರೀತು, ಭುಜದ ಮೂಳೆ ಒಂದು ಕಡೆ. 108ಕ್ಕೆ ಫೋನ್ ಮಾಡಿದೋನು ನಾನೇ.

ಜನ ಸೇರಿದ್ರು. "ಏನ್ ಸ್ಪೀಡಪ್ಪ ಈಗಿನ ಹುಡುಗ್ರು" ಅಂದ್ರು. ನಾನೂ ಹೂಂ ಅಂದೆ. ಅವನು ಅಷ್ಟೇನೂ ಸ್ಪೀಡಲ್ಲಿ ಇರಲಿಲ್ಲ ಅಂತ ನನಗೆ ಗೊತ್ತಿತ್ತು.

ನಾಲ್ಕು ದಿನ ಬಿಟ್ಟು ಅವರಪ್ಪ ಬಂದ್ರು. ಜಗಳಕ್ಕೆ ಬಂದಿದ್ದಾರೆ ಅಂದ್ಕೊಂಡೆ. ಅವರು ಕೇಳಿದ್ದು ಒಂದೇ ಮಾತು: "ಅಣ್ಣ, ನೀವು ಅಲ್ಲೇ ಇದ್ರಂತಲ್ಲ, ನನ್ನ ಮಗ ಬ್ರೇಕ್ ಹಿಡಿದ್ನಾ?" ಹಿಡಿದ ಅಂದೆ. "ಹಂಗಾದ್ರೆ ಸರಿಯಾಗೇ ಮಾಡವ್ನೆ ಬುಡಿ, ನಮ್ಮ ಹಣೆಬರ" ಅಂದ್ರು. ನನಗೆ ಉಗುಳು ನುಂಗೋಕೆ ಆಗಲಿಲ್ಲ. ಹುಲ್ಲು, ಕಾಳು, ಮರಳಿನ ಮೇಲೆ ಮುಂದಿನ ಬ್ರೇಕ್ ಒತ್ತಬಾರದು, ಆಕ್ಸಿಲರೇಟರ್ ಬಿಟ್ಟು ಹ್ಯಾಂಡಲ್ ನೇರ ಹಿಡಿದು ನಿಧಾನಕ್ಕೆ ದಾಟಬೇಕು ಅನ್ನೋದು ಆ ಹುಡುಗನಿಗೂ ಗೊತ್ತಿರಲಿಲ್ಲ, ಅವರಪ್ಪನಿಗೂ ಗೊತ್ತಿರಲಿಲ್ಲ. ಟೆಸ್ಟಿನಲ್ಲಿ ಅದನ್ನ ಯಾರೂ ಕೇಳಿರಲಿಲ್ಲ. ಗೊತ್ತಿದ್ದ ನಾನು ರಸ್ತೆ ಮೇಲೆ ಹುರುಳಿ ಹಾಕಿ ನೆರಳಲ್ಲಿ ಕೂತಿದ್ದೆ.

ಒಂದು ಹಸು ಮಾರಿ ಆಸ್ಪತ್ರೆ ಖರ್ಚಿಗೆ ಕೊಟ್ಟೆ. ಅದರಿಂದ ಪಾಪ ಕಳೀತು ಅಂತ ಹೇಳ್ತಿಲ್ಲ. ಆ ಹುಡುಗ ಈಗಲೂ ಕಾಲು ಎಳೆದುಕೊಂಡು ನಡೀತಾನೆ, ಕುಕ್ಕರಗಾಲಲ್ಲಿ ಕೂತು ಹಾಲು ಕರೆಯೋಕೆ ಆಗಲ್ಲ. ಅವತ್ತಿನಿಂದ ನಾನು ರಸ್ತೆ ಮೇಲೆ ಒಂದು ತೆನೆ ಹಾಕಿಲ್ಲ. ಹಿತ್ತಲಲ್ಲಿ ಕಣ ಮಾಡ್ಕೊಂಡಿದ್ದೀನಿ.

ಈಗ ಜಗಳಕ್ಕೆ ಬರ್ತೀನಿ.

ಮೊದಲನೇ ಜಗಳ, "ನಮ್ಮ ಹುಡುಗ ಹನ್ನೆರಡಕ್ಕೇ ಟ್ರ್ಯಾಕ್ಟರ್ ಓಡಿಸ್ದ, ಅವನಿಗೇನ್ ಕಲಿಸೋದು" ಅಂತ ಮೀಸೆ ತಿರುವೋರ ಜೊತೆ. ಅಣ್ಣಾ, ಹೊಲದಲ್ಲಿ ಎದುರಿಗೆ ಯಾರು ಬರ್ತಾರೆ? ಹೊಲದಲ್ಲಿ ಟ್ರ್ಯಾಕ್ಟರ್ ತಿರುಗಿಸೋಕೆ ಎಡಬ್ರೇಕ್ ಬಲಬ್ರೇಕ್ ಬೇರೆ ಬೇರೆ ಇಟ್ಕೊಳ್ತೀವಿ. ರಸ್ತೆಗೆ ಬಂದರೆ ಎರಡು ಪೆಡಲ್ಲನ್ನೂ ಕೊಂಡಿ ಹಾಕಿ ಜೋಡಿಸಬೇಕು. ಇಲ್ಲದಿದ್ದರೆ ಒಂದೇ ಕಡೆ ಬ್ರೇಕ್ ಬಿದ್ದು ಗಾಡಿ ಮಗುಚುತ್ತೆ. ನಿನ್ನ ಹುಡುಗನಿಗೆ ಅದನ್ನ ಹೇಳಿಕೊಟ್ಟಿದ್ದೀಯಾ? ಡೀಸೆಲ್ ಉಳಿಸ್ತೀನಿ ಅಂತ ಇಳಿಜಾರಲ್ಲಿ ನ್ಯೂಟ್ರಲ್ ಮಾಡೋದನ್ನ ಕಲಿಸಿರ್ತೀಯ. ತುಂಬಿದ ಟ್ರೈಲರ್ ಹಿಂದಿನಿಂದ ನೂಕಿದಾಗ ಆ ಉಳಿದ ಡೀಸೆಲ್ ಯಾರ ತಿಥಿಗೆ? 2019ರಲ್ಲಿ ಮೋಟಾರು ಕಾಯ್ದೆಗೆ ತಿದ್ದುಪಡಿ ಆದಮೇಲೆ, ವಯಸ್ಸಾಗದ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಅಪ್ಪನಿಗೋ ಮಾಲೀಕನಿಗೋ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬೋವರೆಗೆ ಲೈಸೆನ್ಸ್ ಇಲ್ಲ. ಮೀಸೆ ತಿರುವೋಕೆ ಮುಂಚೆ ಇದನ್ನ ಯಾರ ಹತ್ರನಾದರೂ ಓದಿಸಿ ಕೇಳಿ.

ಎರಡನೇ ಜಗಳ, ಲೈಸೆನ್ಸ್ ಬಂದ ವಾರಕ್ಕೇ ಕೊಬ್ಬರಿ ದುಡ್ಡಲ್ಲೋ ಸಾಲದಲ್ಲೋ ದೊಡ್ಡ ಬೈಕ್ ತಂದುಕೊಡೋರ ಜೊತೆ. ಮಗ ಕೇಳ್ದ, ಕೊಡಿಸ್ದೆ ಅಂತೀರ. ಗಾಡಿಗೆ ಒಂದು ಲಕ್ಷದ ಮೇಲೆ ಹಾಕೋ ಕೈ ಹೆಲ್ಮೆಟ್ಟಿಗೆ ಬಂದಾಗ ರಸ್ತೆ ಬದಿಯ ಟೋಪಿ ಹುಡುಕುತ್ತೆ. ಕೇಂದ್ರ ಸಾರಿಗೆ ಇಲಾಖೆ ಲೆಕ್ಕದಲ್ಲಿ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರದಲ್ಲಿ ಹೋಗ್ತಿದ್ದೋರು. ಅವರೆಲ್ಲ ಒಂದೊಂದು ಮನೆಯವರು.

ಮೂರನೇ ಜಗಳ, "ಹೆಣ್ಣುಮಗಳಿಗೆ ಗಾಡಿ ಬೇಡ" ಅನ್ನೋರ ಜೊತೆ. ನಿಮಗೆ ಭಯ ಇದೆ, ನನಗೂ ಇದೆ. ಆದರೆ ಕೊನೇ ಬಸ್ಸು ತಪ್ಪಿದ ದಿನ ಅವಳು ಯಾರದೋ ಬೈಕಿನ ಹಿಂದೆ ಹೆಲ್ಮೆಟ್ ಇಲ್ಲದೆ ಕೂತು ಬರ್ತಾಳೆ. ಆ ಓಡಿಸೋನಿಗೂ ಯಾರೂ ಕಲಿಸಿರಲ್ಲ. ಮನೆಯಲ್ಲಿ ಯಾರಿಗಾದರೂ ರಾತ್ರಿ ಎದೆನೋವು ಬಂದರೆ ಗಾಡಿ ಇದ್ದೂ ಪಕ್ಕದ ಮನೆ ಬಾಗಿಲು ಬಡೀಬೇಕು. ಹೀಗೆ ಕಟ್ಟಿಹಾಕೋದಕ್ಕೆ ಕಾಪಾಡೋದು ಅಂತ ಹೆಸರಿಟ್ಕೊಂಡಿದ್ದೀವಿ.

ಕೊನೆಗೆ ಎಲ್ಲರೂ ಹೇಳೋದು ಒಂದೇ, "ಯಾರಿಗಣ್ಣ ಪುರುಸೊತ್ತು?" ನಮ್ಮ ಅಪ್ಪಂದಿರು ಹೋರಿ ಪಳಗಿಸ್ತಿದ್ದದ್ದು ನೆನಪು ಮಾಡ್ಕೊಳ್ಳಿ. ಎಳೇ ಹೋರಿಗೆ ನೊಗ ಹಾಕಿ ಒಂದೇ ದಿನಕ್ಕೆ ತುಂಬಿದ ಗಾಡಿ ಕಟ್ತಿದ್ರಾ? ಮೊದಲು ಕೊರಡು ಎಳೆಸ್ತಿದ್ರು. ಆಮೇಲೆ ಪಳಗಿದ ಎತ್ತಿನ ಜೊತೆ ಹೂಡ್ತಿದ್ರು, ಬರೀ ಗಾಡಿಗೆ. ತಿಂಗಳುಗಟ್ಟಲೆ ಹಿಂಗೇ ನಡೀತಿತ್ತು. ಎಳೇದು ಬೆದರಿದಾಗ ಹಳೇದು ತಡೆದು ನಿಲ್ತಿತ್ತು. ಹೋರಿಗೆ ಇದ್ದ ಪುರುಸೊತ್ತು ಮಕ್ಕಳಿಗೆ ಇಲ್ವಾ?

ನಮ್ಮ ಭಾವಮೈದನ ಮಗ ಸಿಡ್ನಿಯಲ್ಲಿದ್ದಾನೆ. ಅಲ್ಲಿ 25 ವರ್ಷದ ಒಳಗಿನೋರು ಕಾರಿನ ಟೆಸ್ಟಿಗೆ ಹೋಗೋಕೆ ಮುಂಚೆ ಲೈಸೆನ್ಸ್ ಇರೋರನ್ನ ಪಕ್ಕ ಕೂರಿಸ್ಕೊಂಡು 120 ಗಂಟೆ ಓಡಿಸಿ ಲೆಕ್ಕ ಬರೆದು ತೋರಿಸಬೇಕು. ಅದರಲ್ಲಿ 20 ಗಂಟೆ ರಾತ್ರಿ ಹೊತ್ತು. ಪಾಸಾದ ಮೇಲೂ ಒಂದು ವರ್ಷ ಕೆಂಪು ಪಿ ಬೋರ್ಡು, ಆಮೇಲೆ ಎರಡು ವರ್ಷ ಹಸಿರು ಪಿ ಬೋರ್ಡು. ಅಂದರೆ ಅಲ್ಲಿನ ಸರ್ಕಾರವೇ ಹೊಸಬರನ್ನ ಹೊಸಬರು ಅಂತ ಒಪ್ಕೊಳ್ಳುತ್ತೆ. ನಮ್ಮಲ್ಲಿ ಎಲ್‌ಎಲ್‌ಆರ್ ಮಾಡಿಸಿ 30 ದಿನ ಕಳೆದರೆ ಟೆಸ್ಟು, ಪಾಸಾದ ದಿನವೇ ಎಲ್ ಬೋರ್ಡ್ ಕಿತ್ತು ಬಿಸಾಕ್ತೀವಿ. ಇಲ್ಲಿ ಸರ್ಕಾರ ಮಾಡೋವರೆಗೆ ಕಾಯೋಕೆ ನನ್ನ ಮಗಳಿಗೆ ವಯಸ್ಸು ನಿಲ್ಲಲ್ಲ. ಅದಕ್ಕೇ ಮನೆಯಲ್ಲೇ ಕಾನೂನು ಮಾಡ್ಕೊಂಡಿದ್ದೀವಿ. ಬೇಕಾದೋರು ತಗೊಳ್ಳಿ.

1. ಹೊಸ ಗಾಡಿ ಇಲ್ಲ. ಮನೆಯ ಹಳೇ ಸ್ಕೂಟರ್, ಹಳೇ ಓಮ್ನಿ. ಮೊದಲ ದಿನ ಟೈರ್ ಗಾಳಿ, ಬ್ರೇಕು, ಲೈಟು, ಇಂಡಿಕೇಟರ್ ನೋಡೋದು ಕಲಿಸಿದೆ. ನೋಡದೆ ಗಾಡಿ ಹೊರಗೆ ತೆಗೆಯಂಗಿಲ್ಲ.

2. ಮೊದಲ ತಿಂಗಳು ಹಳ್ಳಿ ರಸ್ತೆ, ಬೆಳಕಿರುವಾಗ. ಎರಡನೇ ತಿಂಗಳು ತಿಪಟೂರು ಪೇಟೆ ಒಳಗೆ. ಮೂರನೇ ತಿಂಗಳಿಂದ ಬಿ.ಎಚ್. ರಸ್ತೆ. ಆಮೇಲೆ ಮಳೆ, ಆಮೇಲೆ ರಾತ್ರಿ. ಎಲ್ಲದರಲ್ಲೂ ಮೊದಲ ಹತ್ತು ಸಲ ನಾನು ಜೊತೆಗಿರ್ತೀನಿ.

3. ಆರು ತಿಂಗಳು ಗೆಳತಿಯರನ್ನ ಕೂರಿಸ್ಕೊಳ್ಳಂಗಿಲ್ಲ. ಹಿಂದೆ ಕೂತೋರು ಮಾತಾಡಿಸಿದರೆ ಕಣ್ಣು ರಸ್ತೆ ಬಿಡುತ್ತೆ. ಮೂರು ಜನ ಅನ್ನೋದಂತೂ ಯಾವತ್ತೂ ಇಲ್ಲ.

4. ಫೋನ್ ಸೀಟಿನ ಕೆಳಗಿನ ಡಿಕ್ಕಿಯಲ್ಲಿ. ನಾನೇ ಫೋನ್ ಮಾಡಿದರೂ ಎತ್ತಂಗಿಲ್ಲ.

5. ಕುರಿಮಂದೆ ಕಂಡರೆ ಹಾರನ್ ಇಲ್ಲ, ನಿಲ್ಲಿಸಬೇಕು. ಒಂದು ನಾಯಿ ರಸ್ತೆ ದಾಟಿದರೆ ಹಿಂದೆ ಇನ್ನೊಂದು ಬರುತ್ತೆ. ನಿಂತ ಬಸ್ಸಿನ ಮುಂದಿನಿಂದ ಮಗು ಓಡಿ ಬರುತ್ತೆ ಅಂದ್ಕೊಂಡೇ ಹೋಗಬೇಕು. ಬಣ್ಣ ಬಳಿಯದ ಹಂಪ್ಸ್ ಎಲ್ಲೆಲ್ಲಿ ಇವೆ ಅಂತ ಬಾಯಿಪಾಠ ಮಾಡಿಸಿದ್ದೀನಿ.

6. ಇನ್ಶೂರೆನ್ಸ್ ಕಾಗದ ತೆಗೆದು ಇಬ್ಬರೂ ಓದಿದ್ವಿ. ಗಾಡಿ ನನ್ನ ಹೆಸರಲ್ಲಿದೆ. 15 ಲಕ್ಷದ ಕಡ್ಡಾಯ ಅಪಘಾತ ವಿಮೆ ಓಡಿಸೋ ಮಾಲೀಕನಿಗೆ, ಅಂದರೆ ನನಗೆ ಮಾತ್ರ, ಅವಳಿಗಲ್ಲ. ಇಷ್ಟು ವರ್ಷ ದುಡ್ಡು ಕಟ್ತಿದ್ದೋನಿಗೆ ಇದೇ ಗೊತ್ತಿರಲಿಲ್ಲ. ಅವಳ ಹೆಸರಲ್ಲಿ ಬೇರೆ ಮಾಡಿಸಿದೆ.

ಆರು ಕಾನೂನು ಬರೆದು ಗೋಡೆಗೆ ಅಂಟಿಸಿದೆ. ಮಗಳು ಓದಿ, ಪೆನ್ನು ತಗೊಂಡು ಕೆಳಗೆ ಏಳನೇದು ಬರೆದಳು: "ಅಪ್ಪನಿಗೂ ಇದೇ ಕಾನೂನು."

ನಮ್ಮನೆಯವಳು ಗಟ್ಟಿಯಾಗಿ ನಕ್ಕಳು. ಕೆರೆ ಏರಿ ಮೇಲೆ ಎಕ್ಸೆಲ್‌ನಲ್ಲಿ ಹೆಲ್ಮೆಟ್ ಇಲ್ಲದೆ, ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಮುಂದೆ ಹಿಂಡಿ ಮೂಟೆ ಇಟ್ಕೊಂಡು ಹೋಗೋನು ನಾನೇ. ಟ್ರೈಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಇಲ್ಲದೆ ಎಷ್ಟೋ ರಾತ್ರಿ ಕಾಯಿ ಸಾಗಿಸಿದ್ದೀನಿ. ಹಿಂದಿನಿಂದ ಬರೋನು ಯಾರ ಮಗನೋ ಅಂತ ಒಂದು ದಿನ ಯೋಚಿಸಿಲ್ಲ. ಈಗ ಪಟ್ಟಿ ಹಾಕಿಸಿದ್ದೀನಿ. ಎಕ್ಸೆಲ್ ಹ್ಯಾಂಡಲ್‌ಗೆ ಹೆಲ್ಮೆಟ್ ನೇತುಹಾಕಿದ್ದಾಳೆ, ತಪ್ಪಿಸಿಕೊಳ್ಳಂಗಿಲ್ಲ. ಮಕ್ಕಳು ನಮ್ಮ ಮಾತು ಕೇಳ್ತಾರೋ ಬಿಡ್ತಾರೋ, ನಾವು ಓಡಿಸೋದನ್ನ ಹಿಂದೆ ಕೂತು ಹದಿನೆಂಟು ವರ್ಷ ನೋಡಿರ್ತಾರೆ. ನಿಜವಾದ ಡ್ರೈವಿಂಗ್ ಸ್ಕೂಲ್ ಅದೇ.

ನಿನ್ನೆ ಸಂಜೆ ಪಕ್ಕದ ಹಟ್ಟಿ ಹತ್ರ ರಸ್ತೆ ತುಂಬ ರಾಗಿ ಹುಲ್ಲು ಹರಡಿದ್ರು. ನಾನು ಹಿಂದೆ ಕೂತಿದ್ದೆ. ಬಾಯಿ ಬಿಡಬಾರದು ಅಂತ ಹಲ್ಲು ಕಚ್ಚಿದೆ. ದೂರದಲ್ಲೇ ನೋಡಿದಳು, ಆಕ್ಸಿಲರೇಟರ್ ಬಿಟ್ಟಳು, ಹ್ಯಾಂಡಲ್ ನೇರ ಹಿಡಿದು ನಡಿಗೆ ವೇಗದಲ್ಲಿ ದಾಟಿದಳು. ಆಚೆ ಹೋಗಿ ನಿಲ್ಲಿಸಿ ಕೇಳಿದಳು, "ಅಪ್ಪಾ, ಇದು ಯಾರ್ದು?" ಹೇಳಿದೆ. "ಹೋಗಿ ಹೇಳಣ ನಡೀ" ಅಂದಳು.

ಹೋದ್ವಿ. ಆ ಯಜಮಾನರು ಸಿಟ್ಟು ಮಾಡಿದ್ರು. "ನೀನೇನ್ ಹಾಕಿರ್ಲಿಲ್ವಾ?" ಅಂದ್ರು. "ಹಾಕಿದ್ದೆ" ಅಂದೆ, ಆ ಹುಡುಗನ ಕತೆ ಹೇಳಿದೆ. ಮಗಳಿಗೂ ಅದನ್ನ ನನ್ನ ಬಾಯಿಂದ ಕೇಳಿದ್ದು ಅದೇ ಮೊದಲು. ಬರ್ತಾ ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ಹಾಲು ಹಾಕೋಕೆ ಹೋದಾಗ ನೋಡಿದೆ, ಅರ್ಧ ರಸ್ತೆ ಹುಲ್ಲು ಬಳಿದು ಪಕ್ಕಕ್ಕೆ ಹಾಕಿದ್ರು. ಇನ್ನರ್ಧ ಹಾಗೇ ಇದೆ. ನಾಳೆ ಮತ್ತೆ ಹೋಗಿ ಹೇಳ್ತೀನಿ. ಬೇಕಾದರೆ ನಮ್ಮ ಕಣಕ್ಕೇ ತಂದು ಒಕ್ಕಿಕೊಳ್ಳಲಿ.

ನಿಮ್ಮ ಮನೆಯಲ್ಲೂ ಹದಿನೆಂಟು ತುಂಬಿದೋರು ಇದ್ದರೆ ಗಾಡಿ ಕೀ ಕೊಡಿ, ಕೊಡಬೇಡಿ ಅನ್ನಲ್ಲ. ಕೀ ಕೊಟ್ಟ ಮೇಲೆ ಮೂರು ತಿಂಗಳು ಜೊತೇಲಿ ಕೂರಿ. ಪುರುಸೊತ್ತು ಇಲ್ಲ ಅನ್ನೋರು, ಆಸ್ಪತ್ರೆ ಬೆಂಚಿನ ಮೇಲೆ ಕೂರೋಕೆ ಎಲ್ಲಿಂದ ಪುರುಸೊತ್ತು ಬರುತ್ತೆ ಅಂತ ಆ ಹುಡುಗನ ಅಪ್ಪನ್ನ ಕೇಳಿ.